ಏಪ್ರಿಲ್ ಬಿಸಿಲಲ್ಲಿ ವೈನ್ ರುಚಿ ನೋಡೋದು: ಬೆಣ್ಣೆ ದೋಸೆ, ಮಿರ್ಚಿ, ರೊಟ್ಟಿಗೆ ಯಾವುದು ಹೊಂದುತ್ತೆ?

ಮಂಡಕ್ಕಿ_ಭಟ್ಟಿ (ದಾವಣಗೆರೆ)

ಏಪ್ರಿಲ್ ಎರಡನೇ ವಾರ, ಸಂಜೆ ಏಳಕ್ಕೆ, ಮಹಡಿ ಮೇಲೆ ಎಂಟು ಜನ. ಎಲ್ಲರೂ 21 ದಾಟಿದವರೇ. ನಮ್ಮ ರಾಜ್ಯದ ವೈನ್‌ಗಳೇ ಇರಲಿ ಅಂತ ಆರು ಬಾಟಲಿ ಗೊತ್ತು ಮಾಡಿದ್ದೀವಿ: ಹಂಪಿ ಬೆಟ್ಟದ ಕಡೆಯ ಸೊವಿನ್ಯೋ ಬ್ಲಾಂಕ್ (ಬಿಳಿ) ಮತ್ತು ಸಾಂಜೊವೇಸೆ (ಕೆಂಪು), ನಂದಿ ಕಡೆಯ ಶಿರಾಜ್ ರೋಸೆ (ತಿಳಿಗೆಂಪು) ಮತ್ತು ಕ್ಯಾಬರ್ನೆ-ಶಿರಾಜ್ (ಕೆಂಪು), ಸ್ವಲ್ಪ ಸಿಹಿ ಇರುವ ಒಂದು ಶೆನಿನ್ ಬ್ಲಾಂಕ್ (ಬಿಳಿ), ಒಂದು ನೊರೆವೈನ್ (ಬ್ರೂಟ್). ತಿನ್ನೋಕೆ ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ, ಜೋಳದ ರೊಟ್ಟಿ-ಎಣ್ಣೆಗಾಯಿ, ಒಣ ಮಟನ್ ಫ್ರೈ. ಯಾವುದನ್ನ ಮೊದಲು ಕುಡಿಯಬೇಕು, ಎಷ್ಟು ಸುರಿಯಬೇಕು, ಯಾವುದಕ್ಕೆ ಯಾವುದು? ‘ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು’ ಅಂತ ಒಬ್ಬರು ಪಟ್ಟು ಹಿಡಿದಿದ್ದಾರೆ. ಅದನ್ನೂ ತೀರಿಸಿಕೊಡಿ.

ಕೋಟೆಕಲ್ಲು (ಚಿತ್ರದುರ್ಗ)

ಆ ಪಟ್ಟಿನಿಂದಲೇ ಶುರು ಮಾಡೋಣ. ಬೇಸಿಗೆಯಲ್ಲಿ ನಮ್ಮ ಕಡೆ ವೈನ್ ಕೆಡೋದು ಜೋಡಿ ತಪ್ಪಿ ಅಲ್ಲ, ಬಿಸಿಯಾಗಿ. ‘ಕೆಂಪನ್ನ ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು’ ಅನ್ನೋ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ, 16ರಿಂದ 18 ಡಿಗ್ರಿಯ ಕೋಣೆಯಲ್ಲಿ. ದುರ್ಗದ ಆರ್‌ಸಿಸಿ ಮನೆಯಲ್ಲಿ ಏಪ್ರಿಲ್ ಸಂಜೆ ಕೋಣೆ ಅಂದರೆ 34. ಅಷ್ಟು ಬಿಸಿಯಲ್ಲಿ ಆಲ್ಕೋಹಾಲ್ ಮೊದಲು ಮೂಗಿಗೆ ಹೊಡೆಯುತ್ತೆ. ಹಣ್ಣಿನ ಘಮ ಅದರಡಿ ಹೂತುಹೋಗುತ್ತೆ, ಹುಳಿ ಇದ್ದೂ ಇಲ್ಲದಂತಾಗುತ್ತೆ. ಕುಡಿದವರು ‘ಏನ್ರೀ ಇದು, ಕಷಾಯ’ ಅಂತಾರೆ. ತಪ್ಪು ವೈನ್‌ದಲ್ಲ.

ನೊರೆವೈನ್ 6–8 ಡಿಗ್ರಿ. ಸೊವಿನ್ಯೋ, ಶೆನಿನ್ 8–10. ರೋಸೆ 10ರ ಆಸುಪಾಸು. ಸಾಂಜೊವೇಸೆ 14. ಕ್ಯಾಬರ್ನೆ-ಶಿರಾಜ್ 16, ಅದಕ್ಕಿಂತ ಮೇಲೆ ಬೇಡ. ಗ್ಲಾಸಿಗೆ ಬಿದ್ದ ಮೇಲೆ ಹೇಗೂ ಏರುತ್ತೆ, ಮಹಡಿ ಮೇಲೆ ಹತ್ತು ನಿಮಿಷದಲ್ಲಿ ಐದಾರು ಡಿಗ್ರಿ ಏರೋದು ದೊಡ್ಡ ಮಾತಲ್ಲ. ಅದಕ್ಕೇ ಹೇಳಿದ್ದಕ್ಕಿಂತ ಎರಡು ಡಿಗ್ರಿ ಕಮ್ಮಿಗೆ ತೆಗೆದು, ಸ್ವಲ್ಪ ಸ್ವಲ್ಪ ಸುರಿಯಿರಿ.

ಇಂಟರ್ನೆಟ್‌ನಲ್ಲಿ ‘ಕೆಂಪನ್ನ 20 ನಿಮಿಷ ಫ್ರಿಜ್‌ನಲ್ಲಿಡಿ’ ಅಂತ ಬರೆದಿರುತ್ತಾರೆ. ಅದು 20 ಡಿಗ್ರಿಯ ಕೋಣೆಯ ಲೆಕ್ಕ. 34ರಿಂದ ಹೊರಟ ಬಾಟಲಿ 16ಕ್ಕೆ ಇಳಿಯೋಕೆ ಫ್ರಿಜ್‌ನಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಕು. ಬಿಳಿಗೆ ನಾಲ್ಕು ಗಂಟೆ. ಬೆಳಿಗ್ಗೆಯೇ ಇಟ್ಟುಬಿಡಿ. ಕೆಂಪನ್ನ ಬಡಿಸೋ ಇಪ್ಪತ್ತು ನಿಮಿಷ ಮೊದಲು ಹೊರಗೆ ತೆಗೆದರೆ ತಾನೇ ಹದಕ್ಕೆ ಬರುತ್ತೆ. ಏರಿಸೋದು ಸುಲಭ, ಇಳಿಸೋದೇ ಕಷ್ಟ.

ಹೊಳೆದಂಡೆ (ಹರಿಹರ)

ಫ್ರೀಜರ್ ಮಾತ್ರ ಬೇಡ್ರಿ. ಮರೆತರೆ ಕಾರ್ಕ್ ಮೇಲೆ ಬರುತ್ತೆ, ನೊರೆವೈನ್ ಆದರೆ ಬಾಟಲಿಯೇ ಒಡೆಯಬಹುದು. ಅವಸರ ಇದ್ದರೆ ಬಕೆಟ್‌ಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು. ಬರೀ ಐಸ್ ಸುರಿದರೆ ತುಂಡುಗಳ ನಡುವೆ ಗಾಳಿ ಉಳಿದು ಬಾಟಲಿಗೆ ತಂಪು ಹತ್ತೋದಿಲ್ಲ, ನೀರು ಇರಲೇಬೇಕು. ಬಾಟಲಿ ಕುತ್ತಿಗೆವರೆಗೂ ಮುಳುಗಲಿ, ಆಗಾಗ ತಿರುಗಿಸಿ. ಕೆಂಪು 12–15 ನಿಮಿಷ, ಬಿಳಿ 20–25, ನೊರೆ ಅರ್ಧ ಗಂಟೆ.

ಒಗ್ಗರಣೆ_ಸೌಟು (ದಾವಣಗೆರೆ)

ಗ್ಲಾಸಿಗೇ ಐಸ್ ಹಾಕಿದರೆ ಆಯ್ತಲ್ಲ?

ಕೋಟೆಕಲ್ಲು (ಚಿತ್ರದುರ್ಗ)

ಕುಡಿಯೋಕೆ ಆಗಬಹುದು, ರುಚಿ ನೋಡೋಕೆ ಆಗಲ್ಲ. 50 ಎಂಎಲ್ ವೈನ್‌ಗೆ ಒಂದು ತುಂಡು ಕರಗಿದರೆ ಕಾಲು ಭಾಗ ನೀರೇ ಆಯ್ತು. ಬೀಜವಿಲ್ಲದ ದ್ರಾಕ್ಷಿಯನ್ನ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ನಾಲ್ಕು ಕಾಳು ಹಾಕಿ, ತಂಪಾಗುತ್ತೆ, ತೆಳುವಾಗಲ್ಲ.

ಗಾಜಿನ_ಲೋಟ (ಚಿತ್ರದುರ್ಗ)

ರುಚಿ ನೋಡೋ ಕ್ರಮ ಹೇಳ್ತೀನಿ. 750 ಎಂಎಲ್ ಬಾಟಲಿ, ಎಂಟು ಜನ. ಒಬ್ಬರಿಗೆ 50 ಎಂಎಲ್ ಅಂದರೆ 400 ಮುಗಿಯುತ್ತೆ, ಉಳಿದ 350 ಊಟದ ಜೊತೆ ಎರಡನೇ ಸುತ್ತಿಗೆ. ಆರು ವೈನ್ × 50 = 300 ಎಂಎಲ್. ‘ಬರೀ ರುಚಿ ನೋಡಿದ್ವಿ’ ಅಂತ ಅನಿಸಿದರೂ ಅದು ಎರಡು ದೊಡ್ಡ ಗ್ಲಾಸ್. ನಮ್ಮ ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್, 300 ಎಂಎಲ್ ನುಂಗಿದವರು ಅದನ್ನ ದಾಟಿರುವ ಸಾಧ್ಯತೆಯೇ ಹೆಚ್ಚು. ಉಗಿಯೋಕೆ ಒಂದೊಂದು ಕಾಗದದ ಕಪ್ ಇಡಿ, ನಾಚಿಕೆ ಬೇಡ. ಉಗಿದವರೂ ಗಾಡಿ ಮುಟ್ಟದಿರಲಿ.

ಸಾಲು: ನೊರೆ, ಸೊವಿನ್ಯೋ, ರೋಸೆ, ಸಾಂಜೊವೇಸೆ, ಕ್ಯಾಬರ್ನೆ-ಶಿರಾಜ್, ಕೊನೆಗೆ ಸಿಹಿ ಶೆನಿನ್. ಶೆನಿನ್ ಮೊದಲು ಬಂದರೆ ಅದರ ಹಿಂದೆ ಬಂದ ಸೊವಿನ್ಯೋ ನಿಂಬೆಹುಳಿ ಅನಿಸುತ್ತೆ. ಊಟಕ್ಕೆ ಕೂತಾಗ ಈ ಸಾಲು ಮುರಿಯಬಹುದು, ಅದು ಬೇರೆ ಆಟ.

ಗ್ಲಾಸ್ ಹೊಟ್ಟೆ ಅಗಲ, ಬಾಯಿ ಕಿರಿದು. ಕಾಲಿರುವ ಗ್ಲಾಸ್ ಕೇಳೋದು ಷೋಕಿಗಲ್ಲ, ಅಂಗೈ ಬಿಸಿ ವೈನ್‌ಗೆ ತಾಗದಿರಲಿ ಅಂತ. ಸ್ಟೀಲ್ ಲೋಟ ಬೇಡ. ಗ್ಲಾಸನ್ನ ಕಪಾಟಿನಲ್ಲಿ ಬೋರಲು ಹಾಕಿ ಇಟ್ಟಿದ್ದರೆ ಒಳಗೆ ಮರದ ವಾಸನೆ ಕೂತಿರುತ್ತೆ, ಸೋಪಿಲ್ಲದೆ ಬಿಸಿನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ: ಸಂಜೆ ಏಳಕ್ಕೆ ಕೆಳಗಿನ ಮನೆಯಲ್ಲಿ ದೀಪ ಹಚ್ಚಿ ಊದುಬತ್ತಿ ಇಟ್ಟಿರ್ತಾರೆ, ಪಕ್ಕದ ಮನೆಯಲ್ಲಿ ಇಂಗಿನ ಒಗ್ಗರಣೆ ಚಟಪಟ ಅಂತಿರುತ್ತೆ, ಬಂದವರ ತಲೆಯಲ್ಲಿ ಮಲ್ಲಿಗೆ ದಂಡೆ. ಸೊವಿನ್ಯೋ ಘಮ ಇವುಗಳ ಮುಂದೆ ನಿಲ್ಲಲ್ಲ. ಮಿರ್ಚಿ ಕರಿಯೋದನ್ನ ರುಚಿ ನೋಡಿ ಮುಗಿದ ಮೇಲೆ ಶುರು ಮಾಡಿ. ಸೊಳ್ಳೆಬತ್ತಿ ಬದಲು ಫ್ಯಾನ್.

ಗ್ಲಾಸ್ ತಿರುಗಿಸೋ ಮೊದಲು ಒಮ್ಮೆ, ತಿರುಗಿಸಿದ ಮೇಲೆ ಒಮ್ಮೆ ಮೂಸಿ. ಒಂದು ಗುಟುಕನ್ನ ಐದು ಸೆಕೆಂಡ್ ಬಾಯಲ್ಲಿ ಆಡಿಸಿ. ನಾಲಿಗೆಯ ಇಕ್ಕೆಲ ನೀರೂರಿದರೆ ಹುಳಿ. ವಸಡು, ಕೆನ್ನೆಯ ಒಳಗೆ ನೆಲ್ಲಿಕಾಯಿ ತಿಂದಂತೆ ಒಗರಾದರೆ ಟ್ಯಾನಿನ್ (ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಒಗರಿನ ಅಂಶ). ಗಂಟಲು ಬೆಚ್ಚಗಾದರೆ ಆಲ್ಕೋಹಾಲ್. ಈ ಮೂರನ್ನ ಬೇರೆ ಬೇರೆ ಗುರುತಿಸಿದರೆ ಸಾಕು, ಜೋಡಿ ಹಾಕೋಕೆ ಬೇಕಾಗಿರೋದೂ ಇಷ್ಟೇ. ‘ಚೆರ್ರಿ, ತಂಬಾಕು, ತೊಗಲು’ ಅಂತೆಲ್ಲ ಬರೆಯೋರು ಬರೆಯಲಿ.

ಒಗ್ಗರಣೆ_ಸೌಟು (ದಾವಣಗೆರೆ)

ನಡುವೆ ಬಾಯಿ ಶುಚಿ ಮಾಡೋಕೆ ಮಂಡಕ್ಕಿ ಸಾಕು. ದಾವಣಗೆರೆಯಲ್ಲಿ ಇದ್ದುಕೊಂಡು ಬಿಸ್ಕೆಟ್ ಯಾಕೆ?

ಗಾಜಿನ_ಲೋಟ (ಚಿತ್ರದುರ್ಗ)

ಮಂಡಕ್ಕಿ ಬೇಡ ಅಂದರೆ ದಾವಣಗೆರೆಯವರು ಜಗಳಕ್ಕೆ ಬರ್ತೀರಿ ಅಂತ ಗೊತ್ತು. ಆದರೂ ಹೇಳ್ತೀನಿ. ಭಟ್ಟಿಯಲ್ಲಿ ಹುರಿಯೋ ಮೊದಲೇ ಅಕ್ಕಿಗೆ ಉಪ್ಪುನೀರು ಹಿಡಿಸಿರ್ತಾರೆ, ಬರೀ ಮಂಡಕ್ಕಿಯಲ್ಲೂ ಉಪ್ಪಿದೆ. ಉಪ್ಪು ಕಹಿ, ಒಗರನ್ನ ಮರೆಸುತ್ತೆ. ಮಂಡಕ್ಕಿ ಮೆದ್ದು ಕ್ಯಾಬರ್ನೆ ಕುಡಿದರೆ ಅದು ಇರೋದಕ್ಕಿಂತ ಮೆತ್ತಗೆ ಕಾಣುತ್ತೆ, ತೀರ್ಪು ತಪ್ಪುತ್ತೆ. ಉಪ್ಪಿಲ್ಲದ ಜೋಳದ ರೊಟ್ಟಿ ಚೂರು ಇಡಿ. ಬಾಯಿ ಮುಕ್ಕಳಿಸೋಕೆ ಕ್ಯಾನ್ ನೀರು. ನಮ್ಮ ಕಡೆ ಬೋರ್ ನೀರಿನ ಗಡಸು ನಾಲಿಗೆ ಮೇಲೆ ಸವರಿದಂತೆ ಉಳಿಯುತ್ತೆ. ಮಂಡಕ್ಕಿ ಊಟದ ಸುತ್ತಿಗೆ ಬರಲಿ, ಅಲ್ಲಿ ಅದೇ ಉಪ್ಪು ನಿಮ್ಮ ಪರ.

ಬೆಣ್ಣೆಮುದ್ದೆ (ದಾವಣಗೆರೆ)

ಬೆಣ್ಣೆ ದೋಸೆಗೆ ಬರ್ತೀನಿ. ‘ಬೆಣ್ಣೆಗೆ ಬೆಣ್ಣೆ ಘಮದ ಓಕ್ ಶಾರ್ಡನೆ’ (ಓಕ್ ಮರದ ಪೀಪಾಯಿಯಲ್ಲಿಟ್ಟ ಬಿಳಿ ವೈನ್) ಅಂತ ದೊಡ್ಡ ಹೋಟೆಲಿನವರು ಹೇಳಿಯಾರು, ಕೇಳಬೇಡಿ. ದೋಸೆ ಮೇಲೇ ಮುದ್ದೆ ಬೆಣ್ಣೆ ಕರಗುತ್ತಿದೆ, ಅದರ ಮೇಲೆ ಇನ್ನೊಂದು ಜಿಡ್ಡು ಯಾಕೆ? ಬೇಕಾಗಿರೋದು ಜಿಡ್ಡನ್ನ ಕತ್ತರಿಸೋ ಹುಳಿ ಮತ್ತು ನೊರೆ. ಬ್ರೂಟ್, 7 ಡಿಗ್ರಿ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಮ್ಮಿ ಸಕ್ಕರೆ. ಹೆಸರು ನೋಡಿ ‘ಎಕ್ಸ್‌ಟ್ರಾ ಡ್ರೈ’ ತಂದರೆ ಅದು ಬ್ರೂಟ್‌ಗಿಂತ ಸಿಹಿ, ಎಷ್ಟೋ ಜನ ಮೋಸ ಹೋಗೋದು ಇಲ್ಲೇ.

ಯಾಕೆ ಕೂಡುತ್ತೆ ಅಂದರೆ, ಹಿಟ್ಟು ರಾತ್ರಿಯಿಡೀ ಹುಳಿ ಬಂದಿರುತ್ತೆ, ವೈನ್‌ನ ಹುಳಿ ಅದರ ಹುಳಿಗಿಂತ ಒಂದು ಮೆಟ್ಟಿಲು ಮೇಲೇ ಇರುತ್ತೆ. ತಿನಿಸು ವೈನ್‌ಗಿಂತ ಹುಳಿಯಾದರೆ ವೈನ್ ಸಪ್ಪೆ. ಇಲ್ಲಿ ಆ ಭಯ ಇಲ್ಲ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬಿದ್ದರಿಂದ ಅಂಚು ಗರಿಗರಿ, ಆ ಗರಿಗೆ ನೊರೆ ಒಳ್ಳೆ ಜೊತೆ. ಆಲೂಗಡ್ಡೆ ಪಲ್ಯ ಸೌಮ್ಯ, ತಂಟೆ ಇಲ್ಲ.

ತಂಟೆ ಇರೋದು ಚಟ್ನಿಯಲ್ಲಿ. ಹಸಿಮೆಣಸಿನಕಾಯಿ ತೆಂಗಿನ ಚಟ್ನಿ ಖಾರ ಇದ್ದರೆ ನೊರೆ ಅದನ್ನ ನಾಲಿಗೆಗೆ ಚುಚ್ಚಿ ಚುಚ್ಚಿ ತೋರಿಸುತ್ತೆ. ಅಂದು ಮೆಣಸಿನಕಾಯಿ ಅರ್ಧ ಮಾಡಿ, ತೆಂಗು-ಹುರಿಗಡಲೆ ಜಾಸ್ತಿ ಮಾಡಿ. ದೋಸೆ ಕಾವಲಿಯಿಂದ ಇಳಿದ ತಕ್ಷಣ ಬಾಯಿಗೆ ಹಾಕಬೇಡಿ; ಸುಟ್ಟ ನಾಲಿಗೆಗೆ ಎಂಥ ವೈನೂ ಒಂದೇ. ಬೆಣ್ಣೆ ಹೊಳಪು ಇರುವಾಗಲೇ, ಬೆರಳಿಗೆ ಬಿಸಿ ತಾಳುವಷ್ಟಾದಾಗ, ಒಂದು ತುತ್ತು, ನುಂಗಿ, ಆಮೇಲೆ ಗುಟುಕು. ಬಾಯಲ್ಲಿ ತುತ್ತಿರುವಾಗ ಕುಡಿದರೆ ಜಿಡ್ಡು ನೊರೆಯನ್ನ ಕೊಂದುಬಿಡುತ್ತೆ.

ಮೆಣಸಿನ_ತೊಟ್ಟು (ಹರಿಹರ)

ಮಿರ್ಚಿಗೆ ಸೊವಿನ್ಯೋ ಬ್ಲಾಂಕ್. ಅದರಲ್ಲಿ ಹಸಿ ದೊಣ್ಣೆಮೆಣಸಿನ ವಾಸನೆಯೇ ಇರುತ್ತಲ್ಲ, ಇದಕ್ಕಿಂತ ಜೋಡಿ ಬೇಕಾ?

ಕೋಟೆಕಲ್ಲು (ಚಿತ್ರದುರ್ಗ)

ವಾಸನೆ ಜೋಡಿ ನಿಜ. ದೊಣ್ಣೆಮೆಣಸಿನಕಾಯಿಯಲ್ಲೂ ಸೊವಿನ್ಯೋದಲ್ಲೂ ಇರೋದು ಪೈರಾಜಿನ್ ಅನ್ನೋ ಒಂದೇ ಜಾತಿಯ ಘಮ. ಮಿರ್ಚಿಯ ಕಡಲೆಹಿಟ್ಟಿಗೆ ಹಾಕಿದ ಓಂಕಾಳೂ ಅದಕ್ಕೆ ಒಗ್ಗುತ್ತೆ. ಆದರೆ ಖಾರ ಘಮವಲ್ಲ, ಉರಿ. ನಾಲಿಗೆಯಲ್ಲಿ ಬಿಸಿಯನ್ನ ಅರಿಯುವ ನರತುದಿಗಳನ್ನೇ ಮೆಣಸಿನ ಕ್ಯಾಪ್ಸೈಸಿನ್ ಕೆಣಕುತ್ತೆ, ಆಲ್ಕೋಹಾಲ್ ಕೂಡ ಅದೇ ತುದಿಗಳನ್ನ ಇನ್ನಷ್ಟು ಸೂಕ್ಷ್ಮ ಮಾಡುತ್ತೆ. 13.5% ವೈನ್ ಖಾರದ ಮೇಲೆ ಸುರಿದರೆ ಉರಿಗೆ ಎಣ್ಣೆ. ಒಗರಿನ ಕೆಂಪು ಇನ್ನೂ ಕೆಟ್ಟದು.

ಖಾರಕ್ಕೆ ಮೂರು ಮದ್ದು: ಸ್ವಲ್ಪ ಸಿಹಿ, ಕಮ್ಮಿ ಆಲ್ಕೋಹಾಲ್, ಚೆನ್ನಾಗಿ ತಂಪು. ಅಂದರೆ ನಿಮ್ಮ ಶೆನಿನ್, 8 ಡಿಗ್ರಿ, ಲೇಬಲ್ ಮೇಲೆ 12% ಸುತ್ತ ಇರೋದು. ಮಿರ್ಚಿ ಜೊತೆ ಹಾಕುವಾಗ ಅದನ್ನ ಕೊನೆಗೆ ಅಂತ ಉಳಿಸಿಕೊಳ್ಳಬೇಡಿ.

ಮೆಣಸಿನ_ತೊಟ್ಟು (ಹರಿಹರ)

ಒಪ್ಪಿದೆ, ಅರ್ಧ. ಖಾರ ಇಲ್ಲದ ಉದ್ದ ಬಜ್ಜಿ ಮೆಣಸಿನಕಾಯಿ ತಂದು, ಸೀಳಿ, ಬೀಜದ ಜೊತೆ ಆ ಬಿಳಿ ತಿರುಳನ್ನೂ ಕೆರೆದರೆ (ಖಾರ ಜಾಸ್ತಿ ಇರೋದು ತಿರುಳಲ್ಲಿ, ಬೀಜದಲ್ಲಿ ಅಲ್ಲ) ಸೊವಿನ್ಯೋ ನಡೆಯುತ್ತೆ. ಒಗ್ಗರಣೆ ಮಂಡಕ್ಕಿಗೆ ಹಸಿ ಈರುಳ್ಳಿ ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹೆಚ್ಚಿಟ್ಟರೆ ಅದರ ಘಾಟು ಎಲ್ಲವನ್ನೂ ಮುಚ್ಚುತ್ತೆ.

ರೊಟ್ಟಿಬುಟ್ಟಿ (ಜಗಳೂರು)

ಎಣ್ಣೆಗಾಯಿಗೆ ಎಲ್ಲರೂ ಕ್ಯಾಬರ್ನೆ ಅಂತಾರೆ, ಕಪ್ಪಗೆ ಮಸಾಲೆ ಇದೆ ಅಂತ. ಮಸಾಲೆಯಲ್ಲಿ ಏನಿದೆ ನೋಡ್ರಿ: ಶೇಂಗಾ, ಎಳ್ಳು, ಗುರೆಳ್ಳು, ಹುಣಸೆ, ಬೆಲ್ಲ. ಗುರೆಳ್ಳು ತಾನೇ ಕಹಿ, ಬದನೆಕಾಯಿ ಸಿಪ್ಪೆಯೂ ಸ್ವಲ್ಪ ಒಗರು, ಅದರ ಮೇಲೆ ಟ್ಯಾನಿನ್ ಬಿದ್ದರೆ ಬಾಯೆಲ್ಲ ಕಹಿ. ಹುಣಸೆ ಹುಳಿಯ ಮುಂದೆ ಮೆತ್ತನೆ ಕೆಂಪು ಸಪ್ಪೆ.

ಸಾಂಜೊವೇಸೆ ಇಲ್ಲಿಗೆ. ಇಟಲಿಯ ಈ ತಳಿಗೆ ಹುಳಿ ಜಾಸ್ತಿ, ಟೊಮ್ಯಾಟೊ ಅಡುಗೆ ಜೊತೆ ಬೆಳೆದದ್ದು, ಹುಣಸೆಗೂ ಎದುರು ನಿಲ್ಲುತ್ತೆ. 14 ಡಿಗ್ರಿ. ಗುರೆಳ್ಳನ್ನ ಕಾಲು ಮಾಡಿ ಶೇಂಗಾ ಹೆಚ್ಚಿಸಿ, ಹೇಗೂ ಚಳ್ಳಕೆರೆ ಪಕ್ಕದಲ್ಲೇ ಇದ್ದೀವಿ. ಖಾರಕ್ಕೆ ಬ್ಯಾಡಗಿ ಒಂದೇ ಹಾಕಿ: ಬಣ್ಣ ಪೂರ್ತಿ, ಉರಿ ಕಮ್ಮಿ. ಗುಂಟೂರು ಬೆರೆಸಿದರೆ ರೋಸೆಗೆ ಇಳಿಯಬೇಕಾಗುತ್ತೆ. ರೋಸೆ ಕೂಡ ತಪ್ಪಲ್ಲ, ಸೆಕೆ ಜಾಸ್ತಿ ಇದ್ದರೆ ಅದೇ ಮೊದಲು. ಪಕ್ಕದಲ್ಲಿ ರಂಜಕ (ಕೆಂಪು ಮೆಣಸಿನಕಾಯಿ ಖಾರದ ಚಟ್ನಿ) ಇಟ್ಟಿದ್ದರೆ ಯಾವ ವೈನೂ ಬೇಡ, ಮಜ್ಜಿಗೆ ಕುಡೀರಿ.

ಗಾಜಿನ_ಲೋಟ (ಚಿತ್ರದುರ್ಗ)

ಮಟನ್ ಒಣ ಫ್ರೈ ಆದ್ದರಿಂದ ಬಚಾವ್. ಮಾಂಸದ ಪ್ರೋಟೀನು, ಕೊಬ್ಬು ಒಗರನ್ನ ಹಿಡಿದುಕೊಳ್ಳುತ್ತವೆ, ಕ್ಯಾಬರ್ನೆ-ಶಿರಾಜ್‌ಗೆ ಜಾಗ ಇರೋದು ಅಲ್ಲಿ ಮಾತ್ರ. ಖಾರವನ್ನ ಕಾಳುಮೆಣಸಿನಿಂದ ತನ್ನಿ. ಶಿರಾಜ್‌ನಲ್ಲಿ ಮೆಣಸಿನ ಘಮ ಇರುತ್ತೆ, ಆ ಘಮ ಕೊಡೋ ರೊಟಂಡೋನ್ ಅನ್ನೋ ಅಂಶವೇ ಕಾಳುಮೆಣಸಿನಲ್ಲೂ ಇದೆ. ಉಪ್ಪು ಸರಿಯಾಗಿ ಬಿದ್ದಿರಲಿ, ಸಪ್ಪೆ ಮಟನ್ ಜೊತೆ ಈ ವೈನ್ ಒರಟಾಗುತ್ತೆ.

ಮುದ್ದೆ, ನಾಟಿಕೋಳಿ ಸಾರಿಗೆ ಮಾತ್ರ ವೈನ್ ಹಚ್ಚೋ ಪ್ರಯತ್ನ ಬೇಡ. ಕುದಿಯೋ ಸಾರು ಒಂದು ದ್ರವ, ವೈನ್ ಇನ್ನೊಂದು ದ್ರವ, ಬಾಯಲ್ಲಿ ಒಂದಕ್ಕೊಂದು ತೊಳೆದುಕೊಂಡು ಹೋಗುತ್ತವೆ. ಅದೇ ಕೋಳಿಯನ್ನ ಒಣಗಿಸಿ ಹುರಿದರೆ ಸಾಂಜೊವೇಸೆ. ವಾಣಿವಿಲಾಸ ಸಾಗರದ ಕಟ್ಲಾ ಸಿಕ್ಕರೆ ರವೆ ಹಚ್ಚಿ ಹುರಿದು, ನಿಂಬೆ ಹಿಂಡಿ, ಸೊವಿನ್ಯೋ. ಮೀನಿಗೆ ಕ್ಯಾಬರ್ನೆ ಹಾಕಿದರೆ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತೆ, ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನ ಜೊತೆ ಸೇರಿ ಆಗೋದು ಅದು.

ಬೆಣ್ಣೆಮುದ್ದೆ (ದಾವಣಗೆರೆ)

ಹೋಳಿಗೆ-ಸೀಕರಣೆ ಬಗ್ಗೆ ಯಾರಾದರೂ ಕೇಳುತ್ತಾರೆ ಅಂತ ಮುಂಚೆಯೇ: ವೈನ್ ತಿನಿಸಿಗಿಂತ ಸಿಹಿ ಇರಬೇಕು. ಸೀಕರಣೆಗಿಂತ ಸಿಹಿ ವೈನ್ ಹುಡುಕೋ ಬದಲು ಸೀಕರಣೆ ಹಾಗೇ ತಿನ್ನಿ. ಹಣ್ಣು ಬೇಕಾದರೆ ಕಲ್ಲಂಗಡಿಗೆ ಉಪ್ಪು, ಕಾಳುಮೆಣಸು ಉದುರಿಸಿ ರೋಸೆ ಜೊತೆ.

ಚಾಟನಿ_ಕತ್ತರಿ (ವಿಜಯಪುರ)

ತೋಟದ ಕಡೆಯಿಂದ ಎರಡು ಮಾತು, ಬಾಟಲಿ ಆರಿಸೋಕೆ ಕೆಲಸಕ್ಕೆ ಬರ್ತಾವು. ನಮ್ಮಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟನಿ, ಅಂದರ ಬಳ್ಳಿ ಕತ್ತರಿಸೋದು. ಏಪ್ರಿಲ್‌ದಾಗ ಕಡ್ಡಿ ಬರಲಿ ಅಂತ ಒಂದು, ಮಳಿ ಹಿಂದ ಸರದ ಮ್ಯಾಲೆ ಹಣ್ಣಿಗಂತ ಇನ್ನೊಂದು. ಕೊಯ್ಲು ಜನವರಿಯಿಂದ ಮಾರ್ಚ್. ಯುರೋಪಿನ್ಯಾಗ ಸೆಪ್ಟೆಂಬರ್. ಹಂಗಾಗಿ ಲೇಬಲ್ ಮ್ಯಾಲೆ ಒಂದೇ ಇಸವಿ ಇದ್ದರೂ ನಮ್ಮ ವೈನ್ ಆರೇಳು ತಿಂಗಳು ಹಿರೇದು. ಸೊವಿನ್ಯೋ, ಶೆನಿನ್, ರೋಸೆ ಹಿಂದಿನ ವರ್ಷದ್ದು ಇದ್ದರೆ ತಗೋರಿ, ಮೂರು ವರ್ಷ ದಾಟಿದ್ದು ಬಿಡ್ರಿ.

ಬಿಸಿಲು ಹೆಚ್ಚಾದಂಗ ಕಾಯಿಯೊಳಗಿನ ಮ್ಯಾಲಿಕ್ ಹುಳಿ ಉರದು ಹೋಗತದ, ಸಕ್ಕರಿ ಏರತದ. ಅದಕ್ಕ ರಾತ್ರಿ ಇಲ್ಲಾ ನಸುಕಿನ್ಯಾಗ ಕೊಯ್ತಾರ. ಹುಳಿ ಉಳಿಸಿಕೊಂಡ ವೈನೇ ಬ್ಯಾಸಿಗಿಗೆ ಚಲೋ, ಲೇಬಲ್‌ದಾಗ 14% ಕಂಡರ ಚಳಿಗಾಲಕ್ಕ ಎತ್ತಿಡ್ರಿ.

ಮತ್ತ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನ್ ಕಮ್ಮಿ ಬೆಲೆಗೆ ಸಿಗತಾವು. ಆ ತಳಿಗೆ 2013ರಾಗ ಭೌಗೋಳಿಕ ಗುರುತು ಸಿಕ್ಕದ, ಹಣ್ಣು ಜ್ಯೂಸ್‌ಗೆ ಭಾಳ ಛಂದ. ಆದರ ಅದು ಅಮೆರಿಕಾ ಮೂಲದ ಲ್ಯಾಬ್ರುಸ್ಕಾ ವಂಶದ್ದು, ಒಂಥರಾ ಕಸ್ತೂರಿ ವಾಸನಿ ಇರತದ. ಈ ಆರರ ಸಾಲಿನ್ಯಾಗ ಕುಂದ್ರಿಸಬ್ಯಾಡ್ರಿ. ಸೋಡಾ, ನಿಂಬಿಹಣ್ಣು ಹಾಕಿ ಬ್ಯಾರೆ ಕುಡೀರಿ.

ಹೊಳೆದಂಡೆ (ಹರಿಹರ)

ಹಂಪಿ ಕಡೆಯಿಂದಲೋ ಬೆಂಗಳೂರಿಂದಲೋ ಕಾರಲ್ಲಿ ತರೋರಿದ್ದರೆ ಡಿಕ್ಕಿಯಲ್ಲಿ ಹಾಕಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ 50 ಡಿಗ್ರಿ ದಾಟುತ್ತೆ, ಊಟಕ್ಕೆ ಅಂತ ಒಂದು ತಾಸು ನಿಲ್ಲಿಸಿದರೂ ಕೆಲಸ ಕೆಟ್ಟಿತು. ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕ್ ಎರಡು, ಏಸಿ ಇರುವ ಸೀಟಿನ ಕೆಳಗೆ. ಅಂಗಡಿಯಲ್ಲಿ ಕೊಳ್ಳುವಾಗ ಬೀದಿ ಬಿಸಿಲು ಬೀಳೋ ಷೋಕೇಸಿನ ಬಾಟಲಿ ಬಿಟ್ಟು ಒಳಗಿನ ರಟ್ಟಿನ ಪೆಟ್ಟಿಗೆಯದ್ದು ಕೇಳಿ. ಕಾರ್ಕ್ ಮೇಲೆ ಉಬ್ಬಿದ್ದರೆ, ಕುತ್ತಿಗೆಯಲ್ಲಿ ಅಂಟು ಗೆರೆ ಇದ್ದರೆ, ಅದು ಬೆಂದ ವೈನ್. ತಂಪು ಮಾಡಿದರೂ ವಾಪಸ್ ಬರಲ್ಲ. ಸಾಧ್ಯವಾದರೆ ತಿರುಪು ಮುಚ್ಚಳದ್ದೇ ತಗೊಳ್ಳಿ, ಬೇಸಿಗೆಗೆ ಅದೇ ಕಮ್ಮಿ ತಲೆನೋವು.

ಮಂಡಕ್ಕಿ_ಭಟ್ಟಿ (ದಾವಣಗೆರೆ)

ತೆರೆದ ಮೇಲೆ ಕೆಟ್ಟಿದೆಯೋ ನನ್ನ ನಾಲಿಗೆಗೆ ಹಿಡಿಸಿಲ್ಲವೋ, ಹೇಗೆ ಗೊತ್ತಾಗೋದು?

ಗಾಜಿನ_ಲೋಟ (ಚಿತ್ರದುರ್ಗ)

ನೆನೆದ ರಟ್ಟಿನ ವಾಸನೆ: ಕಾರ್ಕ್ ದೋಷ, ಚೆಲ್ಲಿ. ಉಗುರುಬಣ್ಣ ತೆಗೆಯೋ ದ್ರಾವಣದ ವಾಸನೆ: ವಿನೆಗರ್ ದಾರಿ ಹಿಡಿದಿದೆ. ಬಿಳಿ ವೈನ್ ಕಂದು ತಿರುಗಿ ಕೊಯ್ದಿಟ್ಟ ಸೇಬಿನಂತೆ ಮೂಸಿದರೆ ಗಾಳಿ ಹೊಕ್ಕಿದೆ. ಕಡ್ಡಿ ಗೀರಿದ ವಾಸನೆ, ಬೆಂದ ಮೊಟ್ಟೆ ವಾಸನೆ ಬಂದರೆ ಮಾತ್ರ ಅವಸರ ಬೇಡ. ಹತ್ತು ನಿಮಿಷ ಗ್ಲಾಸಲ್ಲಿ ತಿರುಗಿಸಿ, ಎಷ್ಟೋ ಸಲ ಹೋಗುತ್ತೆ. ಇವ್ಯಾವೂ ಇಲ್ಲದೆ ಇಷ್ಟ ಆಗಲಿಲ್ಲ ಅಂದರೆ ಹಿಡಿಸಿಲ್ಲ, ಅಷ್ಟೇ.

ಉಳಿದದ್ದನ್ನ, ಕೆಂಪಿದ್ದರೂ, ಮುಚ್ಚಳ ಹಾಕಿ ಫ್ರಿಜ್‌ಗೆ. ಬಿಳಿ, ಕೆಂಪು ಮೂರು ದಿನ ಹೋಗುತ್ತೆ. ನೊರೆವೈನ್ ಅಂದೇ ಮುಗಿಸಿ. ಬಾಯಿಗೆ ಚಮಚ ಸಿಕ್ಕಿಸಿದರೆ ನೊರೆ ಉಳಿಯುತ್ತೆ ಅನ್ನೋದು ಬರೀ ಮಾತು. ರೋಸೆ ಉಳಿದರೆ ಮರುದಿನ 120 ಎಂಎಲ್‌ಗೆ 60 ಎಂಎಲ್ ತಣ್ಣನೆ ಸೋಡಾ, ಒಂದು ನಿಂಬೆ ಬಿಲ್ಲೆ.

ಒಗ್ಗರಣೆ_ಸೌಟು (ದಾವಣಗೆರೆ)

ಎಲ್ಲಾ ಸರಿ, ಏಳಕ್ಕೆ ಕರೆಂಟ್ ಹೋದರೆ?

ಹೊಳೆದಂಡೆ (ಹರಿಹರ)

ಐಸ್ ಲೆಕ್ಕ ಹಾಕಿದ್ದೀನಿ. ಬಿಸಿ ಬಾಟಲಿ ಒಂದನ್ನ ತಂಪು ಮಾಡೋಕೆ ಕರಗೋದು ಕಾಲು ಕೇಜಿಗಿಂತ ಸ್ವಲ್ಪ ಜಾಸ್ತಿ, ಆರಕ್ಕೆ ಒಂದೂಮುಕ್ಕಾಲು ಕೇಜಿ. ಅದಕ್ಕಿಂತ ಜಾಸ್ತಿ ಐಸ್ ತಿನ್ನೋದು ಬಕೆಟ್ ನೀರು. ಮಹಡಿ ಟ್ಯಾಂಕಿನ ನೀರು ಸಂಜೆಗೂ 36 ಡಿಗ್ರಿ ಇರುತ್ತೆ, ಆರು ಲೀಟರ್ ಹಾಕಿದರೆ ಅದೊಂದೇ ಎರಡೂಮುಕ್ಕಾಲು ಕೇಜಿ ಕರಗಿಸುತ್ತೆ. ಮಣ್ಣಿನ ಗಡಿಗೆ ನೀರು ಹಾಕಿ, ಒಂದು ಕೇಜಿಯಷ್ಟು ಉಳಿಯುತ್ತೆ. ಎಂಟು ಕೇಜಿ ಐಸ್ ಆರೂವರೆಗೆ ಮನೆಯಲ್ಲಿರಲಿ, ಥರ್ಮೋಕೋಲ್ ಡಬ್ಬಿಯಲ್ಲಿ, ಮೇಲೆ ಗೋಣಿತಾಟು ಹೊದಿಸಿ. ಲೇಬಲ್ ನೆಂದು ಕಳಚುತ್ತೆ, ಯಾವುದು ಯಾವುದು ಅಂತ ಬಾಟಲಿ ಕುತ್ತಿಗೆಗೆ ಮೊದಲೇ ದಾರ ಕಟ್ಟಿ ಗುರುತು ಮಾಡಿಕೊಳ್ಳಿ.